ನನ್ನ ಬೋಧನಾ ತತ್ವಕ್ಕೆ 10ಕ್ಕೆ 9 ಬಂದಿತ್ತು: ಬಿ.ಎಡ್. ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗದ ಅಧ್ಯಯನ ಮಂಡಳಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಬಿ.ಎಡ್. ಕಾಲೇಜುಗಳ ಪ್ರಾಂಶುಪಾಲರಿಗೆ,

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನಿಮಗೆ ಪತ್ರ ಬರೆಯುವಷ್ಟು ದೊಡ್ಡವಳೇನೂ ಅಲ್ಲ. ಆದರೆ ಕಳೆದ ವಾರ ಒಂದು ಘಟನೆ ನಡೆಯಿತು, ಅದಾದ ಮೇಲೆ ಸುಮ್ನೆ ಕೂರಲು ಆಗುತ್ತಿಲ್ಲ.

ನಮ್ಮ ಶಾಲೆಗೆ ಮೊದಲ ವರ್ಷದ ಬಿ.ಎಡ್. ವಿದ್ಯಾರ್ಥಿಗಳು ಬಂದಿದ್ದಾರೆ. ನಾಲ್ಕು ವಾರ ಇರುತ್ತಾರೆ. ಅವರಲ್ಲಿ ಒಬ್ಬಳು, ಒಳ್ಳೆಯ ಹುಡುಗಿ, ಮಕ್ಕಳ ಜೊತೆ ಬೇಗ ಬೆರೆಯುವವಳು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂತಳು. "ಮೇಡಂ, ನಿಮ್ಮ ಬಿ.ಎಡ್. ರೆಕಾರ್ಡ್‌ಗಳು ಇನ್ನೂ ಇದಾವಾ? ನನ್ನ ಬೋಧನಾ ತತ್ವ ಅಂತ ಒಂದು ಬರೀಬೇಕು. ನಿಮ್ದು ಕೊಟ್ರೆ ನೋಡ್ಕೊಂಡು ಬರ್ಕೊಳ್ತೀನಿ" ಎಂದಳು.

ಬೋಧನಾ ತತ್ವ ಅಂದರೆ ತಾನು ಯಾಕೆ, ಹೇಗೆ ಕಲಿಸುತ್ತೇನೆ ಅಂತ ತನ್ನದೇ ನಂಬಿಕೆಯನ್ನು ಬರೆದಿಡುವುದು. ಕೇಳಿದ ರೀತಿಯಲ್ಲಿ ಒಂದು ಚೂರೂ ಅಳುಕಿರಲಿಲ್ಲ. ಛತ್ರಿ ಕೇಳಿದ ಹಾಗೆ ಕೇಳಿದಳು.

ಮನೆಗೆ ಹೋಗಿ ಟ್ರಂಕಿನಲ್ಲಿ ಹುಡುಕಿದೆ. ಸಿಕ್ಕಿತು. ನಾನು 2016–18ರ ಬ್ಯಾಚಿನವಳು. ಸ್ಪೈರಲ್ ಬೈಂಡಿಂಗ್, ಮೊದಲ ಪುಟಕ್ಕೆ ಸ್ಕೆಚ್ ಪೆನ್ನಿನ ಬಾರ್ಡರ್, ಒಳಗೆ ಎರಡೂವರೆ ಪುಟ. "ಮಗು ಒಂದು ಮೊಗ್ಗು, ಶಿಕ್ಷಕ ತೋಟದ ಮಾಲಿ" ಅಂತ ಶುರುವಾಗುತ್ತದೆ. ಆಮೇಲೆ ಅಮೆರಿಕದ ಶಿಕ್ಷಣ ಚಿಂತಕ ಡ್ಯೂಯಿ, ಗಾಂಧೀಜಿ, ಟ್ಯಾಗೋರ್, ವಿವೇಕಾನಂದರು, ಒಬ್ಬೊಬ್ಬರಿಗೂ ಎರಡೆರಡು ಸಾಲು, ರೇಷನ್ ಹಂಚಿದ ಹಾಗೆ. ಕೊನೆಗೆ ಮಕ್ಕಳ ಸರ್ವಾಂಗೀಣ ಬೆಳವಣಿಗೆಯಲ್ಲಿ ನನಗೆ ಅಚಲ ನಂಬಿಕೆ ಇದೆ ಎಂಬ ಮಾತು. ಕೆಳಗೆ ಕೆಂಪು ಶಾಯಿಯಲ್ಲಿ 10ಕ್ಕೆ 9 ಮತ್ತು ಒಂದು ಸಹಿ.

ಅದು ನನ್ನದಲ್ಲ. ಸೀನಿಯರ್ ಒಬ್ಬರ ರೆಕಾರ್ಡ್ ನೋಡಿ ಇಳಿಸಿದ್ದು. ಅವರೂ ಇನ್ಯಾರದ್ದನ್ನೋ ನೋಡಿ ಇಳಿಸಿರಬೇಕು, ಯಾಕೆಂದರೆ ಅದರಲ್ಲಿ "ಒಬ್ಬ ಶಿಕ್ಷಕನಾಗಿ ನಾನು, ಮಕ್ಕಳ ಅಣ್ಣನಂತೆ" ಎಂದಿದೆ. ಆ ಸೀನಿಯರ್ ಹೆಂಗಸು. ನಾನೂ ಹೆಂಗಸು. ಇಬ್ಬರೂ ಅದನ್ನು ತಿದ್ದಿರಲಿಲ್ಲ, ಸಹಿ ಹಾಕಿದವರೂ ನೋಡಿರಲಿಲ್ಲ. ಆ ಅಣ್ಣ ಯಾರೋ ಏನೋ, ಎಷ್ಟು ಬ್ಯಾಚಿನಿಂದ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂದಿದ್ದಾನೋ.

ಇದರಲ್ಲಿ ನಮ್ಮ ಉಪನ್ಯಾಸಕರನ್ನು ದೂರುವುದು ನನ್ನ ಉದ್ದೇಶ ಅಲ್ಲ. ನೂರು ಜನರ ಬ್ಯಾಚು, ಒಬ್ಬೊಬ್ಬರದ್ದೂ ಎಷ್ಟೊಂದು ರೆಕಾರ್ಡು, ಯಾರು ತಾನೇ ಪೂರ್ತಿ ಓದಲು ಸಾಧ್ಯ? ದೂರು ಇರುವುದು ನೀವು ಹಾಕಿಕೊಟ್ಟ ಕ್ರಮದ ಮೇಲೆ. ಇನ್ನೂ ಒಂದೇ ಒಂದು ತರಗತಿಯನ್ನು ಸರಿಯಾಗಿ ನೋಡದ ಹುಡುಗ ಹುಡುಗಿಯರ ಹತ್ತಿರ "ನಿನ್ನ ಬೋಧನಾ ತತ್ವ ಏನು, ಶನಿವಾರದೊಳಗೆ ಬರೆದು ಕೊಡು" ಅಂದರೆ ಅವರು ಇನ್ನೇನು ಮಾಡುತ್ತಾರೆ? ಮದುವೆಗೆ ಮುಂಚೆಯೇ ಸಂಸಾರದ ಅನುಭವ ಬರೆ ಅಂದ ಹಾಗಾಯಿತು.

ನನ್ನ ಅಭ್ಯಾಸ ಪಾಠದ ಒಂದು ಕಥೆ ಹೇಳಲೇಬೇಕು. ಆರನೇ ತರಗತಿಗೆ ಭಿನ್ನರಾಶಿ. ಲೆಸನ್ ಪ್ಲಾನ್ ಮಾತ್ರ ಪಕ್ಕಾ 5ಇ ಮಾದರಿಯದು, ಇಂಗ್ಲಿಷಿನಲ್ಲಿ 'ಇ'ಯಿಂದ ಶುರುವಾಗುವ ಐದು ಹಂತ: ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ರಚನಾವಾದದ ಪ್ಲಾನು. ಆದರೆ ಅದರಲ್ಲಿ ಒಂದು ಕಾಲಂ ಇರುತ್ತಿತ್ತು, ನಿರೀಕ್ಷಿತ ಉತ್ತರ ಅಂತ. ಮಗು ಏನು ಹೇಳಬೇಕು ಎಂಬುದನ್ನು ಹಿಂದಿನ ರಾತ್ರಿಯೇ ನಾನು ಬರೆದು ಸಹಿ ಮಾಡಿಸಿಕೊಂಡು ಬರಬೇಕು. ಬರೆದಿದ್ದೆ. "ಒಂದು ಹೋಳಿಗೆಯನ್ನು ನಾಲ್ಕು ಜನರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು?" ನಿರೀಕ್ಷಿತ ಉತ್ತರ: ನಾಲ್ಕನೇ ಒಂದು ಭಾಗ. ತರಗತಿಯಲ್ಲಿ ಕೇಳಿದೆ. ಎರಡನೇ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ನಾಲ್ಕು ಜನ ಇದ್ದಾರೆ ಅಂತ ಗೊತ್ತಿದ್ದೂ ಒಂದೇ ಹೋಳಿಗೆ ಯಾಕೆ ಮಾಡಿದ್ರು?" ಎಂದ.

ತರಗತಿ ಗೊಳ್ಳೆಂದಿತು. ಹಿಂದೆ ಕುರ್ಚಿಯಲ್ಲಿ ಅಬ್ಸರ್ವರ್ ಕೂತಿದ್ದರು. ನಾನು ಕಣ್ಣು ದೊಡ್ಡದು ಮಾಡಿ "ಕೂತ್ಕೋ" ಅಂದೆ. ಕೂತ. ಆ ದಿನ ನನ್ನ ಪಾಠಕ್ಕೆ ಸಿಕ್ಕ ಷರಾ: "ತರಗತಿ ನಿಯಂತ್ರಣ ಚೆನ್ನಾಗಿದೆ."

ಜರ್ಮನಿಯ ತತ್ವಜ್ಞಾನಿ ಹರ್ಬಾರ್ಟ್‌ನ ಶಿಷ್ಯರು 19ನೇ ಶತಮಾನದಲ್ಲಿ ಪಾಠಕ್ಕೆ ಐದು ಮೆಟ್ಟಿಲು ಕಟ್ಟಿದ್ದರು, ನಮ್ಮ ಹಿಂದಿನವರೆಲ್ಲ ಆ ಮೆಟ್ಟಿಲು ಹತ್ತಿಯೇ ಬಿ.ಎಡ್. ಮುಗಿಸಿದ್ದು. ಅದು ಹಳೆಯದಾಯಿತು ಅಂತ ತೆಗೆದು, ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ವಿಜ್ಞಾನ ಪಾಠಕ್ಕೆಂದು ಹುಟ್ಟಿದ ಐದು 'ಇ'ಗಳನ್ನು ತಂದಿರಿ. ಒಳ್ಳೆಯದೇ. ಆದರೆ ನಿರೀಕ್ಷಿತ ಉತ್ತರದ ಕಾಲಂ ಹಾಗೇ ಉಳಿಯಿತು. ಹೆಸರು ಬದಲಾಯಿತು, ಹುಡುಗ ಮಾತ್ರ ಕೂತೇ ಇದ್ದಾನೆ.

ಡ್ಯೂಯಿ ಬಗ್ಗೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು. "ಮಾಡುತ್ತಾ ಕಲಿ" ಎನ್ನುವುದಕ್ಕೆ ಕೆಳಗೆರೆ ಕೂಡ ಎಳೆದಿದ್ದೆ. ಆದರೆ ಅವರು ಹೇಳಿದ ಮುಖ್ಯ ಮಾತೊಂದು, ಯೋಚನೆ ಶುರುವಾಗುವುದೇ ಏನೋ ಒಂದು ಸಿಕ್ಕು ಬಿದ್ದಾಗ, ಮನಸ್ಸು ತಡವರಿಸಿದಾಗ ಎನ್ನುವುದು, ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ದಿನದ ಮೇಲೆ. ಗೈಡಿನಲ್ಲಿ ಅದು ಇರಲಿಲ್ಲ. ಎಲ್ಲ ಅನುಭವವೂ ಶಿಕ್ಷಣ ಅಲ್ಲ, ಕೆಲವು ಅನುಭವಗಳು ಕಲಿಕೆಯನ್ನು ಕೆಡಿಸುತ್ತವೆ ಅಂತಲೂ ಅವರು ಹೇಳಿದ್ದಾರೆ. ಅದೂ ಇರಲಿಲ್ಲ. ಅವರ ಹುಟ್ಟಿದ ಇಸವಿ ಇತ್ತು, ಷಿಕಾಗೋದಲ್ಲಿ 1896ರಲ್ಲಿ ಪ್ರಯೋಗ ಶಾಲೆ ತೆರೆದರು ಅಂತ ಇತ್ತು.

ನಾನು ಮೊದಲು ಅತಿಥಿ ಶಿಕ್ಷಕಿಯಾಗಿದ್ದೆ, ಆಮೇಲೆ ಕೆಲಸ ಖಾಯಂ ಆಯಿತು. ಖಾಯಂ ಆದ ಎರಡನೇ ವರ್ಷ ಎಂಟನೇ ತರಗತಿಗೆ ಶೇಕಡಾ ಲೆಕ್ಕ ಮಾಡಿದೆ. ರಿಯಾಯಿತಿ, ಲಾಭ ನಷ್ಟ, ಬಡ್ಡಿ. ಪರೀಕ್ಷೆ ಇಟ್ಟರೆ ಅರ್ಧಕ್ಕರ್ಧ ಮಕ್ಕಳು ಸೂತ್ರ ಬರೆದು ಅಲ್ಲಿಗೇ ನಿಲ್ಲಿಸಿದ್ದರು. ನಾನು ಚೆನ್ನಾಗಿಯೇ ಪಾಠ ಮಾಡಿದ್ದೆ, ಕನಿಷ್ಠ ನನಗೆ ಹಾಗನಿಸಿತ್ತು. ಆ ದಸರಾ ರಜೆಯಲ್ಲಿ, ಏನು ತಪ್ಪಾಯಿತು ಅಂತ ತಲೆ ಕೆಡಿಸಿಕೊಂಡು ಬಿ.ಎಡ್. ಪುಸ್ತಕಗಳನ್ನೇ ಮತ್ತೆ ತೆಗೆದೆ. ಪರೀಕ್ಷೆಯ ಭಯ ಇಲ್ಲದೆ ಓದಿದ್ದು ಅದೇ ಮೊದಲು. ಗೈಡು ಬದಿಗಿಟ್ಟು, ಸಿಕ್ಕಷ್ಟು ಮೂಲ ಬರಹಗಳ ತುಣುಕುಗಳನ್ನು ಹುಡುಕಿಕೊಂಡು, ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಂಡು ಓದಿದೆ.

'ಜ್ಞಾನ ಮತ್ತು ಪಠ್ಯಕ್ರಮ' ಎನ್ನುವ ಪತ್ರಿಕೆ ನಮಗೆಲ್ಲ ಬೇವಿನ ಕಷಾಯ ಆಗಿತ್ತು. ಅದರಲ್ಲಿ ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್ ಬರುತ್ತಾರೆ. 1949ರಲ್ಲಿ ಅವರು ನಾಲ್ಕು ಪ್ರಶ್ನೆ ಹಾಕಿದರು: ಶಾಲೆ ಯಾವ ಗುರಿ ಮುಟ್ಟಬೇಕು, ಅದಕ್ಕೆ ಯಾವ ಅನುಭವ ಕೊಡಬೇಕು, ಅವನ್ನು ಹೇಗೆ ಜೋಡಿಸಬೇಕು, ಗುರಿ ಮುಟ್ಟಿದೆವಾ ಅಂತ ಹೇಗೆ ತಿಳಿಯಬೇಕು. ಇಷ್ಟು ನಮಗೆಲ್ಲ ಬಾಯಿಪಾಠ, ಹತ್ತು ಅಂಕದ ಪ್ರಶ್ನೆ. ಆದರೆ ಮೊದಲ ಪ್ರಶ್ನೆಗೆ ಅವರು ಇನ್ನೂ ಒಂದು ಮಾತು ಸೇರಿಸಿದ್ದಾರೆ. ಮಗುವಿನಿಂದ, ಹೊರಗಿನ ಬದುಕಿನಿಂದ, ವಿಷಯ ಬಲ್ಲವರಿಂದ ಬರುವ ಗುರಿಗಳು ರಾಶಿ ರಾಶಿ ಆಗುತ್ತವೆ. ಅಷ್ಟನ್ನೂ ಕಲಿಸಲು ಯಾರಿಂದಲೂ ಆಗದು. ಹಾಗಾಗಿ ಅವನ್ನು ಜರಡಿ ಹಿಡಿಯಬೇಕು. ಮಕ್ಕಳು ಹೇಗೆ ಕಲಿಯುತ್ತಾರೆ ಎನ್ನುವ ಮನಃಶಾಸ್ತ್ರ ಒಂದು ಜರಡಿ. ನಮ್ಮ ಶಿಕ್ಷಣ ತತ್ವ ಇನ್ನೊಂದು ಜರಡಿ.

ಜರಡಿ! ಇದನ್ನು ಓದಿದಾಗ ನನಗೆ ನಗು ಬಂತು. ಇಷ್ಟು ವರ್ಷ ನಾನು ತತ್ವ ಅಂದರೆ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕುವ ಪಟ ಅಂದುಕೊಂಡಿದ್ದೆ. ಇದು ಅಡುಗೆಮನೆಯಲ್ಲಿ ದಿನಾ ಕೈಗೆ ಬರುವ ಸಾಮಾನು. ನಾಳೆಯ 40 ನಿಮಿಷದ ಪೀರಿಯಡ್‌ನಲ್ಲಿ ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಬಿಡಲಿ ಅಂತ ಹೇಳಿಕೊಡುವುದು. ನನ್ನ ಜರಡಿ ಎಲ್ಲಿದೆ ಅಂತ ಹುಡುಕಿದರೆ ಇದ್ದದ್ದು ಆ ಅಣ್ಣನದು. ಅದರಲ್ಲಿ ಏನು ಸುರಿದರೂ ನೇರ ಕೆಳಗೆ ಬೀಳುತ್ತಿತ್ತು. ಸರ್ವಾಂಗೀಣ ಬೆಳವಣಿಗೆ ಅಂದರೆ ಅದರಲ್ಲಿ ಯಾವುದು ತಾನೇ ಹಿಡಿಸುವುದಿಲ್ಲ?

ರಜೆ ಮುಗಿದ ಮೇಲೆ ಅದೇ ಶೇಕಡಾ ಪಾಠವನ್ನು ಮತ್ತೆ ತೆಗೆದೆ. ಅಡಿಕೆ ಕೊಯ್ಲಿನ ಹೊತ್ತು. ನಮ್ಮ ಕಡೆ ಆ ಮೂರ್ನಾಲ್ಕು ತಿಂಗಳು ಊರಲ್ಲಿ ಬೇರೆ ಮಾತೇ ಇಲ್ಲ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಎಷ್ಟು ಕೆ.ಜಿ. ಸಿಗುತ್ತೆ ಅಂತ ಕೇಳಿದೆ. "12" ಎಂದ ಒಬ್ಬ. "ಇಲ್ಲ ಟೀಚರ್, ನಮ್ಮಪ್ಪ ಚೇಣಿಯವರ ಹತ್ರ 13ಕ್ಕೆ ಮಾತಾಡಿದ್ದು" ಎಂದ ಇನ್ನೊಬ್ಬ. ಚೇಣಿಯವರು ಅಂದರೆ ಹಸಿ ಅಡಿಕೆ ಒಯ್ದು, ಮಾತಾಡಿಕೊಂಡಷ್ಟು ಒಣ ಅಡಿಕೆ ವಾಪಸ್ ಕೊಡುವ ಗುತ್ತಿಗೆದಾರರು. ಸರಿ, ಚೇಣಿಯವರು 13 ಕೊಡುತ್ತೇನೆ ಅಂದು 12 ಕೊಟ್ಟರೆ ನಿಮ್ಮಪ್ಪನಿಗೆ ಶೇಕಡಾ ಎಷ್ಟು ನಷ್ಟ ಅಂದೆ. ಅರ್ಧ ತರಗತಿ "ಒಂದು" ಅಂತ ಕೂಗಿತು, ನೂರು ಕೆ.ಜಿ.ಗೆ ಒಂದು ಕೆ.ಜಿ. ಹೋಯಿತಲ್ವಾ. ಹಿಂದಿನಿಂದ ಒಬ್ಬ, "ಅದೆಂಗೆ? ನೂರರಲ್ಲಿ ಒಂದಲ್ಲ, ಬರಬೇಕಾಗಿದ್ದ 13ರಲ್ಲಿ ಒಂದು ಹೋಯ್ತು" ಎಂದ. ಜಗಳವೇ ಶುರುವಾಯಿತು. ಸೀಮೆಸುಣ್ಣ ಕಿತ್ತುಕೊಂಡು ಬೋರ್ಡಿಗೆ ಬಂದರು. 13ರಲ್ಲಿ 1 ಅಂದರೆ ಶೇ. 7.7ರ ಹತ್ತಿರ ಅಂತ ಲೆಕ್ಕ ಬಂದಾಗ ಆ ಹುಡುಗ, ಅಪ್ಪನ ತೋಟ ಇರುವವನು, ಒಂದು ನಿಮಿಷ ಮಾತೇ ಆಡಲಿಲ್ಲ.

ಶೇಕಡಾ ಅಂದರೆ "ಯಾವುದರಲ್ಲಿ ಶೇಕಡಾ" ಎನ್ನುವುದೇ ಮುಖ್ಯ. ಅದನ್ನು ನಾನು ಹತ್ತು ಸಲ ಹೇಳಿದರೂ ಹತ್ತದ ತಲೆಗೆ ಅವತ್ತು ಹತ್ತಿತು. ಡ್ಯೂಯಿ ಹೇಳಿದ ಸಿಕ್ಕು ಇದೇ ಅಂತ ನನಗೆ ಖುಷಿಯೋ ಖುಷಿ. ನನಗೊಂದು ಬೋಧನಾ ತತ್ವ ಸಿಕ್ಕಿಬಿಟ್ಟಿತು, ಮಗುವಿನ ಬದುಕಿನಿಂದ ಪಾಠ ಎತ್ತಬೇಕು, ಪುಸ್ತಕದ ಬ್ಯಾಂಕು, ಮಾಲು, ರಿಯಾಯಿತಿ ಎಲ್ಲ ಪಟ್ಟಣದವರದು, ಅದನ್ನು ಬಿಡಬೇಕು ಅಂತ ತೀರ್ಮಾನ ಮಾಡಿದೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಭಾಷಣವನ್ನೂ ಮಾಡಿದೆ.

ಅಷ್ಟರಲ್ಲಿ ಪೋಷಕರ ಸಭೆ ಬಂತು.

ಅವತ್ತು ಒಬ್ಬ ತಾಯಿ ಬಂದಿದ್ದರು. ಅವರಿಗೆ ತೋಟ ಇಲ್ಲ. ಬೇರೆಯವರ ಮನೆಯಲ್ಲಿ ಅಡಿಕೆ ಸುಲಿಯುತ್ತಾರೆ, ಮೆಟ್ಟುಗತ್ತಿ ಹಿಡಿದು ರಾತ್ರಿ ಹತ್ತರವರೆಗೂ, ಕೆ.ಜಿ. ಲೆಕ್ಕದಲ್ಲಿ ಕೂಲಿ. ಮಗಳು ನನ್ನ ತರಗತಿಯಲ್ಲಿ ಇದ್ದಾಳೆ. ಕೊಯ್ಲಿನ ದಿನಗಳಲ್ಲಿ ಅವಳೂ ಅಮ್ಮನ ಪಕ್ಕ ಕೂರುತ್ತಾಳೆ, ಬೆಳಿಗ್ಗೆ ನನ್ನ ತರಗತಿಯಲ್ಲಿ ತೂಕಡಿಸುತ್ತಾಳೆ. ನಾನು ಉತ್ಸಾಹದಿಂದ ನನ್ನ ಅಡಿಕೆ ಪಾಠದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಅಡಿಕೆ ಲೆಕ್ಕ ನಮಗೆ ಗೊತ್ತಿರೋದೇ ಟೀಚರೇ. ಅವಳಿಗೆ ಬ್ಯಾಂಕಿನ ಲೆಕ್ಕ ಹೇಳಿಕೊಡಿ. ಸಂಘದ ಸಾಲಕ್ಕೆ ಬಡ್ಡಿ ಹೆಂಗೆ ಹಾಕ್ತಾರೆ ಅಂತ ನನಗೆ ಇನ್ನೂ ಗೊತ್ತಾಗಲ್ಲ."

ನಾನು ಪಟ್ಟಣದವರದು ಅಂತ ಜರಡಿಯಿಂದ ಆಚೆ ಎಸೆದಿದ್ದೇ ಅವರಿಗೆ ಬೇಕಾಗಿದ್ದು.

ಆಮೇಲೆ ಆ ದಿನದ ಪಾಠವನ್ನು ನೆನೆಸಿಕೊಂಡೆ. ಕೂಗಿದವರು, ಬೋರ್ಡಿಗೆ ಓಡಿ ಬಂದವರು ಯಾರು? ಎಲ್ಲರೂ ತೋಟ ಇರುವ ಮನೆಯ ಹುಡುಗರು. ಚೇಣಿಯವರ ಹತ್ತಿರ ಮಾತಾಡುವ ಅಪ್ಪ ಇದ್ದವರು. ಸುಲಿಯುವವರ ಮಗಳು ಬಾಯಿ ಬಿಟ್ಟಿರಲಿಲ್ಲ. ನಾನು "ಮಗುವಿನ ಬದುಕು" ಅಂದುಕೊಂಡಿದ್ದು ಕೆಲವು ಮಕ್ಕಳ ಬದುಕು ಮಾತ್ರ.

ಇಲ್ಲಿ ಬೇಕಾಯಿತು ನೋಡಿ ನನಗೆ ಸಿದ್ಧಾಂತ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಅಂದರು, ಝಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ಮಾಡಿತು, ನಯೀ ತಾಲೀಮ್. ಓದಿದರೆ ಮನಸ್ಸು ಒಪ್ಪುತ್ತದೆ. ಆದರೆ 1953ರಲ್ಲಿ ಮುಖ್ಯಮಂತ್ರಿ ರಾಜಾಜಿ ಮದ್ರಾಸ್ ರಾಜ್ಯದಲ್ಲಿ, ಆಗ ದಕ್ಷಿಣ ಕನ್ನಡವೂ ಅದರಲ್ಲೇ ಇತ್ತು, ಶಾಲೆಯ ಹೊತ್ತನ್ನು ಕಡಿಮೆ ಮಾಡಿ ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಅಂದಾಗ ಜನ ತಿರುಗಿಬಿದ್ದರು. ಇದು ಕುಲಕಸುಬಿನ ಶಿಕ್ಷಣ, ಚಪ್ಪಲಿ ಹೊಲಿಯುವವನ ಮಗ ಚಪ್ಪಲಿಯನ್ನೇ ಹೊಲಿಯಲಿ ಅಂತಲಾ ಅಂತ ಕೇಳಿದರು. ಮರು ವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜ್ ಬಂದು ಆ ಯೋಜನೆಯನ್ನೇ ಕೈಬಿಟ್ಟರು. ಆ ತಾಯಿ ನನಗೆ ಹೇಳಿದ್ದು ಇದನ್ನೇ ಅಲ್ವಾ? ನನ್ನ ಮಗಳನ್ನು ಅಡಿಕೆಯಿಂದ ಆಚೆ ಕರೆದುಕೊಂಡು ಹೋಗಿ ಅಂತ. ಬಿ.ಎಡ್.ನಲ್ಲಿ ನಮಗೆ ನಯೀ ತಾಲೀಮ್‌ನ ಲಕ್ಷಣ, ಗುಣ, ದೋಷ ಅಂತ ಪಾಯಿಂಟ್ ಬರೆಸಿದ್ದರು. ಈ ಜಗಳವನ್ನು ಯಾರೂ ಹೇಳಿರಲಿಲ್ಲ. ಜಗಳ ಹೇಳದೆ ತತ್ವ ಕಲಿಸಿದರೆ ಅದು ಉಪ್ಪಿಲ್ಲದ ಸಾರು.

ಇನ್ನೊಂದು ಇದೆ, ಹೇಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ. 'ಗುಪ್ತ ಪಠ್ಯಕ್ರಮ' ನಮಗೆ ಐದು ಅಂಕದ ಟಿಪ್ಪಣಿ. ಫಿಲಿಪ್ ಜಾಕ್ಸನ್ ಎನ್ನುವವರು 1968ರಲ್ಲಿ ಕೊಟ್ಟ ಹೆಸರು. ಪುಸ್ತಕದಲ್ಲಿ ಇರುವುದು ಒಂದು, ಶಾಲೆಯ ನಡವಳಿಕೆಯಿಂದ ಮಗು ಕಲಿಯುವುದು ಇನ್ನೊಂದು ಎನ್ನುವ ವಿಚಾರ. ಆ ತಾಯಿ ಬಂದು ಹೋದ ಮೇಲೆ ನಾನು ಎರಡು ವಾರ ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಹೋದೆ. ಯಾರ ಹೆಸರು ಕರೆದು ಪ್ರಶ್ನೆ ಕೇಳುತ್ತೇನೆ, ಯಾರ ಹತ್ತಿರ ಕಸ ಗುಡಿಸು ಅನ್ನುತ್ತೇನೆ, ಯಾರ ಕೈಯಲ್ಲಿ ಆಫೀಸಿಗೆ ಹಾಜರಿ ಪುಸ್ತಕ ಕಳಿಸುತ್ತೇನೆ. ಎರಡು ವಾರದ ಮೇಲೆ ಆ ಚೀಟಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಹಾಜರಿ ಪುಸ್ತಕ ಹಿಡಿದ ಮಕ್ಕಳಿಗೂ ಪೊರಕೆ ಹಿಡಿದ ಮಕ್ಕಳಿಗೂ ಮನೆ ಬೇರೆ, ಕೇರಿ ಬೇರೆ. ನಾನು ಯಾವತ್ತೂ ಬೇಕೆಂದು ಹಾಗೆ ಮಾಡಿದವಳಲ್ಲ. ಆದರೆ ಆಗಿತ್ತು. ಆ ಐದು ಅಂಕದ ಟಿಪ್ಪಣಿಗೆ ನಾನು ನಾಲ್ಕೂವರೆ ತೆಗೆದಿದ್ದೆ.

ಮಾನ್ಯರೇ, ನೀವು ಕೇಳಬಹುದು, ಕೊನೆಗೂ ನೀವು ಕಲಿತಿರಲ್ಲ, ಇನ್ನೇನು ದೂರು ಅಂತ. ಕಲಿತೆ, ಆದರೆ ಅಲ್ಲಿಯವರೆಗೆ ನನ್ನ ಕೈಯಲ್ಲಿ ಎಷ್ಟು ಬ್ಯಾಚಿನ ಮಕ್ಕಳು ಹಾದು ಹೋದರು? ಸಿದ್ಧಾಂತ ಓದಿದ್ದು ಒಂದು ಕಾಲದಲ್ಲಿ, ಮಕ್ಕಳನ್ನು ನೋಡಿದ್ದು ಇನ್ನೊಂದು ಕಾಲದಲ್ಲಿ. ಎರಡೂ ಒಂದೇ ಮೇಜಿನ ಮೇಲೆ ಬಂದಿದ್ದರೆ ಮೊದಲ ವರ್ಷವೇ ನಾನು ಆ ಚೀಟಿ ಹಾಕುತ್ತಿದ್ದೆ. ನಿಮ್ಮ ಪಠ್ಯಕ್ರಮದ ಕೆಲಸವೇ ಅದಲ್ವಾ?

ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇ 2014ರಲ್ಲಿ ನಿಯಮ ಮಾಡಿ ಬಿ.ಎಡ್. ಅನ್ನು ಎರಡು ವರ್ಷ ಮಾಡಿತು. ಅದಕ್ಕೂ ಮುಂಚೆ, 2012ರಲ್ಲಿ, ನ್ಯಾಯಮೂರ್ತಿ ವರ್ಮಾ ಆಯೋಗ ಶಿಕ್ಷಕರ ತರಬೇತಿಯ ಅವಸ್ಥೆಯನ್ನು ಎಳೆ ಎಳೆಯಾಗಿ ಬಿಡಿಸಿ ಇಟ್ಟಿತ್ತು. ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಇರಬೇಕು ಅಂತ ಆಯಿತು, ಮೊದಲ ವರ್ಷ 4, ಎರಡನೇ ವರ್ಷ 16. ತನ್ನನ್ನು ತಾನು ಅರಿಯುವುದು ಎನ್ನುವ ವಿಷಯವನ್ನೇ ಸೇರಿಸಿದರು, ಒಳ್ಳೆಯ ಯೋಚನೆ. ಅದಕ್ಕೂ ಒಂದು ರೆಕಾರ್ಡ್ ಬಂತು. ನಾವು ನಮ್ಮನ್ನು ಅರಿತದ್ದನ್ನೂ ಸೀನಿಯರ್ ನೋಡಿ ಬರೆದೆವು! 2025ರಲ್ಲಿ ಕರಡು ನಿಯಮ ಬಂದು, ಕೆಲವರಿಗೆ ಒಂದೇ ವರ್ಷದ ಬಿ.ಎಡ್. ಮತ್ತೆ ತರುವ ಮಾತು ಶುರುವಾಯಿತು. ವರ್ಷ ಒಂದಾಗಲಿ ಎರಡಾಗಲಿ, ನನ್ನ ತಕರಾರು ಅದಕ್ಕಲ್ಲ. ಶಾಲೆಯ ವಾರಗಳನ್ನು ಕತ್ತರಿಸಿ ರೆಕಾರ್ಡ್‌ಗಳನ್ನು ಉಳಿಸಿಕೊಳ್ಳುತ್ತೀರೇನೋ ಎಂಬುದೇ ಭಯ.

ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ಬೋಧನಾ ತತ್ವ ಬರೆಸಬೇಡಿ ಅಂತ ನಾನು ಹೇಳುವುದಿಲ್ಲ, ಬರೆಸಿ, ಆದರೆ ಮಕ್ಕಳ ಮುಖ ನೋಡಿದ ಮೇಲೆ ಬರೆಸಿ. ಮೊದಲ ನಾಲ್ಕು ವಾರ ಮುಗಿದ ಮೇಲೆ ಅರ್ಧ ಪುಟ ಸಾಕು: ಒಂದು ಮಗು, ಒಂದು ಪಾಠ, ತಾನು ಅಂದುಕೊಂಡಂತೆ ಆಗದ ಒಂದು ಸಂಗತಿ. 16 ವಾರದ ಇಂಟರ್ನ್‌ಶಿಪ್ ಆದ ಮೇಲೆ ಅದನ್ನೇ ಮತ್ತೆ ತೆಗೆದು, ಯಾವ ಮಾತು ಬದಲಾಯಿತು, ಯಾಕೆ ಬದಲಾಯಿತು ಅಂತ ಪಕ್ಕದಲ್ಲಿ ಬರೆಯಲಿ. ಒಂದೂ ಮಾತು ಬದಲಾಗದಿದ್ದರೆ ಆಗ ಕರೆದು ಕೇಳಿ. ಮತ್ತೆ, ದಯವಿಟ್ಟು ಅದಕ್ಕೆ ಅಂಕ ಹಾಕಬೇಡಿ. ಅಂಕ ಇದ್ದ ಕಡೆ ಅಣ್ಣ ಬರುತ್ತಾನೆ. ಅಂಕದ ಬದಲು ಯಾರಾದರೂ ಉಪನ್ಯಾಸಕರು ಹತ್ತು ನಿಮಿಷ ಎದುರು ಕೂತು ಮಾತಾಡಲಿ. ನೂರು ಜನಕ್ಕೆ ಹತ್ತು ನಿಮಿಷ ಅಂದರೆ ಸಾವಿರ ನಿಮಿಷ, 17 ಗಂಟೆಗಿಂತ ಕಡಿಮೆ. ಒಂದು ಸೆಮಿಸ್ಟರ್‌ನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲವಾ? ಗಣಿತದವಳಲ್ವಾ, ಲೆಕ್ಕ ಹಾಕಿಯೇ ಕೇಳುತ್ತಿದ್ದೇನೆ.

ಡ್ಯೂಯಿಯದೋ, ಗಾಂಧೀಜಿಯದೋ, ಟ್ಯಾಗೋರರದೋ ನಾಲ್ಕು ಪುಟ ಮೂಲ ಬರಹವನ್ನು ಒಳ್ಳೆಯ ಕನ್ನಡದಲ್ಲಿ ಕೊಡಿ. ಹತ್ತು ಜನರ ಬಗ್ಗೆ ಹತ್ತು ಪಾಯಿಂಟ್ ಬೇಡ, ಇಬ್ಬರನ್ನು ಸರಿಯಾಗಿ ಓದಲಿ, ಅವರಿಬ್ಬರೂ ಒಬ್ಬರಿಗೊಬ್ಬರು ಒಪ್ಪದವರಾಗಿದ್ದರೆ ಇನ್ನೂ ಒಳ್ಳೆಯದು. ಪರೀಕ್ಷೆಯಲ್ಲಿ ನಯೀ ತಾಲೀಮ್‌ನ ಲಕ್ಷಣ ಬರೆಯಿರಿ ಅನ್ನುವ ಬದಲು, ಕೂಲಿ ಮಾಡುವ ತಾಯಿಯೊಬ್ಬರು ಬಂದು ಹೀಗೆ ಹೇಳಿದರೆ ನೀವು ಏನು ಮಾಡುತ್ತೀರಿ ಅಂತ ಕೇಳಿ. ಅದಕ್ಕೆ ಗೈಡಿನಲ್ಲಿ ಉತ್ತರ ಇರುವುದಿಲ್ಲ. ಆ ನಿರೀಕ್ಷಿತ ಉತ್ತರದ ಕಾಲಂ ಪಕ್ಕ "ನಿರೀಕ್ಷೆ ಮಾಡದೆ ಬಂದ ಉತ್ತರ" ಅಂತ ಒಂದು ಖಾಲಿ ಕಾಲಂ ಕೊಡಿ, ಪಾಠ ಆದ ಮೇಲೆ ತುಂಬಲಿ. ಅಬ್ಸರ್ವರ್ ಮೊದಲು ಓದುವುದು ಅದನ್ನೇ ಆಗಲಿ.

ಶಿಕ್ಷಕರಿಗೆ ಇದೆಲ್ಲ ಆಗುವ ಮಾತಾ ಅಂತ ನಿಮಗೆ ಅನುಮಾನ ಇದ್ದರೆ ನಲಿ-ಕಲಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಅಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿ ಹತ್ತುವುದನ್ನು ನೋಡಿಕೊಂಡು ಬಂದು, ನಮ್ಮ ಮಕ್ಕಳಿಗೆ, ನಮ್ಮ ಭಾಷೆಗೆ ಒಗ್ಗುವಂತೆ ತಿದ್ದಿ ಮಾಡಿದರು. ಆಮೇಲೆ 2009–10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಅದು ಹೋಯಿತು. ಹಾಗೆ ಎಲ್ಲ ಕಡೆ ಹೋದಾಗ ಎಷ್ಟೋ ಶಾಲೆಗಳಲ್ಲಿ ಕಾರ್ಡು ಉಳಿದು ಯೋಚನೆ ಹೋಯಿತು ಎನ್ನುವುದು ನನ್ನ ಅನಿಸಿಕೆ, ಒಪ್ಪದವರೂ ಇದ್ದಾರೆ. ಆದರೆ ಕೋಟೆಯ ಆ ಶಿಕ್ಷಕರು ಸಿದ್ಧಾಂತವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರಲ್ಲ, ನಮ್ಮ ಬಿ.ಎಡ್. ಮಕ್ಕಳೂ ಹಾಗೆ ಮಾಡಲಿ ಅಂತಷ್ಟೇ ನಾನು ಕೇಳುತ್ತಿರುವುದು.

ನನ್ನದೇನೂ ಪೂರ್ತಿ ಆಗಿದೆ ಅಂತ ಅಲ್ಲ. ಈಗ ನನ್ನ ಜರಡಿಯಲ್ಲಿ ಮುಖ್ಯವಾಗಿ ಇರುವುದು ಒಂದೇ ಪ್ರಶ್ನೆ: ಈ ಲೆಕ್ಕ ಕಲಿತರೆ ಈ ಮಗುವನ್ನು ಯಾರು ಮೋಸ ಮಾಡುವುದು ತಪ್ಪುತ್ತದೆ? ಚೇಣಿಯವನಾ, ಸಾಲ ಕೊಡುವವನಾ, ಕೂಲಿ ತೂಗುವವನಾ? ಆ ವರ್ಷ ಸಂಘದ ಸಾಲದ ಪಾಸ್‌ಬುಕ್ ತರಗತಿಗೆ ಬಂತು. ಪೂರ್ತಿ ಅಸಲಿಗೆ ಬಡ್ಡಿ ಹಾಕುವುದಕ್ಕೂ ಉಳಿದ ಅಸಲಿಗೆ ಹಾಕುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಮಕ್ಕಳು ಲೆಕ್ಕ ಹಾಕಿದರು. ಸುಲಿಯುವವರ ಮಗಳು ಅವತ್ತು ಬೋರ್ಡಿಗೆ ಬಂದಳು. ಆದರೆ ಇದೇ ನಾನು ಹತ್ತನೇ ತರಗತಿಗೆ ಜನವರಿ ಬಂತೆಂದರೆ ಪಾಸಾಗಲು ಸಾಕಾಗುವಷ್ಟೇ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಹಿಡಿದುಕೊಂಡು, ಈ ಪ್ರಶ್ನೆ ಬಂದೇ ಬರುತ್ತೆ ಬಾಯಿಪಾಠ ಮಾಡು ಅನ್ನುತ್ತೇನೆ. ಆಗ ಜರಡಿ ಮೂಲೆ ಸೇರುತ್ತದೆ. ಫೇಲಾದ ಮಗುವಿಗೆ ಮುಂದಿನ ದಾರಿ ಮುಚ್ಚುತ್ತದಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಇದು ಸರಿಯೋ ತಪ್ಪೋ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಆ ಎರಡೂವರೆ ಪುಟದ ಅಣ್ಣನಿಗೆ ಮಾತ್ರ ಎಲ್ಲವೂ ತೀರ್ಮಾನ ಆಗಿತ್ತು.

ಆ ಹುಡುಗಿ ನಿನ್ನೆ ಮತ್ತೆ ಕೇಳಿದಳು. ರೆಕಾರ್ಡ್ ನನ್ನ ಬ್ಯಾಗಿನಲ್ಲೇ ಇತ್ತು, ಕೊಡಲಿಲ್ಲ. ಮನೆಯಲ್ಲಿ ಹುಡುಕಬೇಕು ಅಂತ ಸುಳ್ಳು ಹೇಳಿದೆ. ಬೆಳಿಗ್ಗೆ ಅವಳು ಎಂಟನೇ ತರಗತಿಗೆ ಪಾಠ ಮಾಡುವಾಗ ಒಂದು ಮಗು ಏನೋ ಅಡ್ಡ ಪ್ರಶ್ನೆ ಹಾಕಿ ಅವಳು ಉತ್ತರ ಗೊತ್ತಾಗದೆ ನಿಂತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅದನ್ನೇ ಬರೆಯೇ ಮಾರಾಯ್ತಿ ಅಂದೆ. "ಅದಕ್ಕೆ ಮಾರ್ಕ್ಸ್ ಕೊಡ್ತಾರಾ ಮೇಡಂ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮ ಹತ್ತಿರ ಇರಬೇಕು. ಸಬ್‌ಮಿಷನ್ ಈ ಶನಿವಾರ ಅಂತೆ. ಆ ಒಂದು ದಿನಾಂಕವನ್ನು ಮುಂದಿನ ಬ್ಯಾಚಿಗಾದರೂ ಇಂಟರ್ನ್‌ಶಿಪ್ ಆದ ಮೇಲಕ್ಕೆ ಹಾಕುವ ವಿಷಯವನ್ನು ನಿಮ್ಮ ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸಿಕೊಳ್ಳಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಶಿವಮೊಗ್ಗ ಜಿಲ್ಲೆ